ಇಳಿಸದೆ ಕೂಗಿದ ಆಳ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕುಳಿತು ನಾನು ದಿನಾಲೂ ಸಮುದ್ರದ ನಕಾಶೆ ನೋಡುತ್ತೇನೆ. ಪಕ್ಕದಲ್ಲಿ ಕುಳಿತವರು ಒಮ್ಮೆ ನನ್ನ ಫೋನನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ಇವನ ತಲೆ ನೆಟ್ಟಗಿಲ್ಲ ಎಂದುಕೊಂಡು ಕಿಟಕಿಯತ್ತ ತಿರುಗುತ್ತಾರೆ. ಅವರದೇನೂ ತಪ್ಪಿಲ್ಲ. ನಮ್ಮ ಊರಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಲು ಒಂದು ಹಗಲು, ಒಂದು ರಾತ್ರಿ ಬೇಕು.

ಹಾಯಿದೋಣಿಯಲ್ಲಿ ತಿರುಗುವವರಿಗಾಗಿ ಮಾಡಿದ ಈ ನಕಾಶೆಯಲ್ಲಿ ನೀರಿನ ಬಗ್ಗೆ ಎಲ್ಲವೂ ಇದೆ. ಎಲ್ಲಿ ಎಷ್ಟು ಆಳ, ಎಲ್ಲಿ ಬಂಡೆ, ಯಾವ ದೀಪ ಎಷ್ಟು ಸಲ ಮಿನುಗುತ್ತದೆ, ಎಲ್ಲ. ನೆಲದ ಬಗ್ಗೆ ಮಾತ್ರ ಅದಕ್ಕೆ ಏನೂ ಗೊತ್ತಿಲ್ಲ. ನೆಲವೆಂದರೆ ಬರೀ ಹಳದಿ ಬಣ್ಣ. ಆ ಖಾಲಿ ಹಳದಿಯ ನಡುವೆ ನಾನೆಂಬ ಒಂದು ಸಣ್ಣ ಚುಕ್ಕಿ ಪಶ್ಚಿಮದಿಂದ ಪೂರ್ವಕ್ಕೆ ತೆವಳುತ್ತಿರುತ್ತದೆ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಬಸ್ಸು ನಿಂತರೆ ಚುಕ್ಕಿಯೂ ನಿಲ್ಲುತ್ತದೆ. ಹೊರಗೆ ತೊಗರಿ ಹೂ ಬಿಟ್ಟು ಗಾಳಿಗೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲುತ್ತಿರುತ್ತದೆ. ನಾನು ಬೆರಳಿನಿಂದ ನಕಾಶೆಯನ್ನು ಸರಿಸುತ್ತಾ ಸರಿಸುತ್ತಾ ಕಾರವಾರದ ಕಡಲಿಗೆ ಹೋಗುತ್ತೇನೆ. ಎಷ್ಟೋ ಸಲ ಅಲ್ಲಿಯೇ ಕಣ್ಣು ಮುಚ್ಚುತ್ತದೆ, ಹುಮನಾಬಾದಿನಲ್ಲಿ ಕಂಡಕ್ಟರ್ ಎಬ್ಬಿಸಬೇಕಾಗುತ್ತದೆ.

ಹುಮನಾಬಾದಿನಲ್ಲಿ ನನ್ನದೊಂದು ಅಂಗಡಿ ಇದೆ. ಸುತ್ತಲಿನ ಹಳ್ಳಿಗಳ ಬಾವಿ, ಬೋರುಗಳಿಗೆ ಮೋಟಾರು ಇಳಿಸುವುದು, ಕೆಟ್ಟದ್ದನ್ನು ಮೇಲೆತ್ತುವುದು ನನ್ನ ಕೆಲಸ. ಅದಕ್ಕೂ ಮೊದಲು ಹನ್ನೊಂದು ವರ್ಷ ನಾನು ಕಡಲ ಅಳತೆಯ ದೋಣಿಯಲ್ಲಿ ದುಡಿದೆ. ಇದನ್ನು ಹೇಳಿದರೆ ಊರವರು ನಗುತ್ತಾರೆ. ಬೀದರ ಸೀಮೆಯವನಿಗೂ ಕಡಲಿಗೂ ಎಲ್ಲಿಂದೆಲ್ಲಿಯ ನಂಟು? ನಂಟು ಬೆಳೆಸಿದ್ದು ನಮ್ಮಪ್ಪನ ಪಾತಾಳಗರಡಿ. ಬಾವಿಗೆ ಬಿದ್ದ ಕೊಡ ತೆಗೆಯಲು ಹಗ್ಗಕ್ಕೆ ಕಟ್ಟಿ ಇಳಿಸುವ ಕೊಕ್ಕೆಗಳ ಗೊಂಚಲು ಅದು. ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಬಾವಿಯಿಂದ ಬಾವಿಗೆ ಹೋಗುತ್ತಿದ್ದ, ಹಗ್ಗದ ಸುರುಳಿ ಹೊತ್ತು ನಾನು ಹಿಂದೆ. ಹಗ್ಗ ಕೈಯಲ್ಲಿ ಸಡಿಲಾದ ಕ್ಷಣವೇ ತಳ ಮುಟ್ಟಿತೆಂದು ಬೆರಳಿಗೆ ತಿಳಿಯಬೇಕು. ಆ ವಿದ್ಯೆ ಮೀಸೆ ಮೂಡುವ ಮೊದಲೇ ನನಗೆ ಬಂದಿತ್ತು. ಮುಂದೆ ಕೆಲಸ ಹುಡುಕುತ್ತಾ ಕರಾವಳಿಗೆ ಹೋದಾಗ, ಹಗ್ಗ ಇಳಿಸಿ ಆಳ ಹೇಳುವವನು ಬೇಕೆಂದರು. ನನ್ನ ಕೈ ನೋಡಿ ಅಂದೇ ಇಟ್ಟುಕೊಂಡರು.

ದೊಡ್ಡ ನೀರಿನಲ್ಲಿ ಯಂತ್ರ ಆಳ ಹೇಳುತ್ತಿತ್ತು. ಯಂತ್ರದ ದೋಣಿ ಹೋಗಲಾರದ ಸಣ್ಣ ಅಳಿವೆಗಳಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಗಳಲ್ಲಿ, ನಾವು ಚಿಕ್ಕ ದೋಣಿ ಇಳಿಸುತ್ತಿದ್ದೆವು. ಹಗ್ಗದ ತುದಿಗೆ ಸೀಸದ ಗುಂಡು, ಹಗ್ಗದುದ್ದಕ್ಕೂ ಮೀಟರಿಗೊಂದು ಬಣ್ಣದ ಚಿಂದಿ. ನಾನು ಗುಂಡು ಬಿಟ್ಟು, ತಳ ಮುಟ್ಟಿದಾಗ ಚಿಂದಿ ನೋಡಿ ಕೂಗುವುದು. ಜೊತೆಗಾರ ಪುಸ್ತಕದಲ್ಲಿ ಬರೆಯುವುದು. ಅವನು ಕಾರವಾರದವನು. ದೋಣಿಯಲ್ಲಿ ಹೆಸರಿಗಿಂತ ಊರೇ ಹೆಚ್ಚು ಬಳಕೆಯಲ್ಲಿದ್ದುದರಿಂದ ಅವನಿಗೆ ನಾನು ಬೀದರ, ನನಗೆ ಅವನು ಕಾರವಾರ. ಅವನಷ್ಟು ದುಂಡಗೆ ಅಂಕಿ ಬರೆಯುವವರನ್ನು ನಾನು ಇಂದಿಗೂ ಕಂಡಿಲ್ಲ.

ಒಂದು ಮಧ್ಯಾಹ್ನ ಒಂದು ಅಳಿವೆಯಲ್ಲಿ ಕೊನೆಯ ಸಾಲು ಅಳೆಯುತ್ತಿದ್ದೆವು. ಗಾಳಿಯಿಲ್ಲ. ನೀರು ಎಣ್ಣೆ ಸುರಿದಂತೆ ಮಲಗಿತ್ತು. ಗುಂಡು ಬಿಡುವುದು ಸುಲಭ, ಎಳೆಯುವುದು ಕಷ್ಟ. ಬೆಳಗಿನಿಂದ ಎಳೆದು ಅಂಗೈ ಸುಲಿದು ಉಪ್ಪು ನೀರಿಗೆ ಉರಿಯುತ್ತಿತ್ತು. ಈ ದಡದ ಕಡೆ ನಾಲ್ಕು ಮೀಟರು ಬಂತು. ಆಗಲೇ ಅಳೆದಿದ್ದ ಆಚೆ ದಡದ ಕಡೆಯೂ ನಾಲ್ಕು. ನಡುವೆ ಮೂರು ಜಾಗ ಉಳಿದಿದ್ದವು. ನಮ್ಮ ಕಡೆಯ ತೋಡುಬಾವಿಗಳಲ್ಲಿ ಈ ಗೋಡೆಗೆ ನಾಲ್ಕಾಳು ಆಳ, ಆ ಗೋಡೆಗೆ ನಾಲ್ಕಾಳು ಇದ್ದರೆ ನಡುವೆಯೂ ನಾಲ್ಕಾಳೇ. ತಳ ಸಪಾಟು ಮಾಡದೆ ಮೇಲೆ ಬರುವುದು ಬಾವಿ ತೋಡುವವನಿಗೆ ಅವಮಾನ. ಕಡಲನ್ನು ಯಾರೂ ಗುದ್ದಲಿ ಹಿಡಿದು ತೋಡಿಲ್ಲ ಎಂಬುದು ಆ ಬಿಸಿಲಿನಲ್ಲಿ ನನಗೆ ಹೊಳೆಯಲಿಲ್ಲ. ಗುಂಡನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಕೂಗಿದೆ: ನಾಲ್ಕು, ನಾಲ್ಕು, ನಾಲ್ಕು. ಕಾರವಾರ ತಲೆ ತಗ್ಗಿಸಿ ಬರೆದುಕೊಂಡ. ಸಂಜೆ ಇಬ್ಬರೂ ಮೀನೂಟ ಮಾಡಿ ಮಲಗಿದೆವು.

ಆ ಪುಸ್ತಕದ ಅಂಕಿಗಳು ಕಾಗದದ ನಕಾಶೆಗೆ ಹೋದವು. ಎಷ್ಟೋ ವರ್ಷಗಳ ಮೇಲೆ ಕಾಗದದ್ದೆಲ್ಲ ಕಂಪ್ಯೂಟರಿಗೆ ಹೋಯಿತು, ಅಲ್ಲಿಂದ ಫೋನಿಗೆ ಬಂತು. ನನ್ನ ಮೂರು ನಾಲ್ಕುಗಳು ಈಗ ಅಲ್ಲಿ ತಿಳಿನೀಲಿಯ ಮೇಲೆ ಅಚ್ಚುಕಟ್ಟಾಗಿ ಕುಳಿತಿವೆ. ಉಪಗ್ರಹ ನೋಡಿ ಹೇಳುವ ಅಂಕಿ ಅವು ಎಂದೇ ಜನ ತಿಳಿದಿರುತ್ತಾರೆ. ಬೆರಳಿನಿಂದ ಹಿಗ್ಗಿಸಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಅಳತೆ ಹೆಚ್ಚಾಗುವುದಿಲ್ಲ. ಆ ಜಾಗವನ್ನು ಒತ್ತಿ ಹಿಡಿದರೆ ಅಳತೆ ಎಷ್ಟು ಹಳೆಯದು, ಎಷ್ಟು ನಂಬಬಹುದು ಎಂಬುದನ್ನೂ ನಕಾಶೆ ತೋರಿಸುತ್ತದೆ. ಒತ್ತಿ ನೋಡುವವರು ಕಡಿಮೆ. ಒತ್ತಿದವರಿಗೂ ಅಳೆದವನ ಅಂಗೈ ಉರಿಯುತ್ತಿತ್ತೆಂದು ಅದು ಹೇಳುವುದಿಲ್ಲ.

ಕಾರವಾರ ನಿವೃತ್ತನಾದ ಮೇಲೆ ಒಂದು ಹಳೆಯ ಹಾಯಿದೋಣಿ ಕೊಂಡ. ಅವನೂ ಅವನ ಹೆಂಡತಿಯೂ ಮಳೆಗಾಲ ಮುಗಿದರೆ ಕರಾವಳಿಗುಂಟ ತಿರುಗುತ್ತಾರೆ. ನಕಾಶೆಯನ್ನು ನನ್ನ ಫೋನಿಗೆ ಹಾಕಿಸಿದವನೂ ಅವನೇ, ನಾವು ಎಲ್ಲಿದ್ದೇವೆ ಎಂದು ನೀನು ಕುಳಿತಲ್ಲೇ ನೋಡಬಹುದು ಎಂದು. ನೋಡುತ್ತಿದ್ದೆ. ಆ ಅಳಿವೆಯ ಹತ್ತಿರ ಬಂದಾಗ ಮಾತ್ರ ನಕಾಶೆಯನ್ನು ಝಟ್ಟನೆ ಮುಂದೆ ಸರಿಸುತ್ತಿದ್ದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಅವನ ಫೋನು ಬಂತು.

“ಹೋಯ್ ಬೀದರ, ನಾಳೆ ಬೆಳಗಿನ ಭರತಕ್ಕೆ, ನೀರು ಏರಿದಾಗ, ನಮ್ಮ ಆ ಹಳೇ ಅಳಿವೆಯೊಳಗೆ ಹೋಗುವಾ ಅಂತ ಇದ್ದೇವೆ. ನಡುವೆ ನಾಲ್ಕು ತೋರಿಸ್ತದೆ. ನೀನೇ ಅಳೆದದ್ದಲ್ವಾ. ಸರಿ ಉಂಟಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಪಾಡು ನನ್ನದಾಯಿತು. ಅವನ ದೋಣಿಯ ಅಡಿ ಮುಟ್ಟದಿರಲು ಎರಡು ಮೀಟರ್ ನೀರು ಬೇಕೇ ಬೇಕೆಂದು ನನಗೆ ಗೊತ್ತಿತ್ತು. ಆಳ ತೋರಿಸುವ ಯಂತ್ರ ಅದರಲ್ಲಿದೆ, ಆದರೆ ಅದು ದೋಣಿಯ ಕೆಳಗಿರುವುದನ್ನು ಹೇಳುತ್ತದೆ, ಮುಂದಿರುವುದನ್ನಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು, “ನಾಲ್ಕ ಇದ್ದರ ನಾಲ್ಕ ಇರ್ತದಪಾ, ಸರಿ ಇರ್ತದ. ನೋಡ್ಕೊಂಡ ಹೋಗು,” ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅವನು ಖುಷಿಯಾಗಿ ಫೋನು ಇಟ್ಟ.

ಆ ದಿನ ನಿರ್ಣಾದ ಒಂದು ಹೊಲದಲ್ಲಿ ಮೋಟಾರು ಇಳಿಸುವುದಿತ್ತು. ಬಾವಿಯ ಯಜಮಾನಿ ನನಗಿಂತ ಹಿರಿಯಳು, ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡು ಕಳೆ ತೆಗೆಯುತ್ತಿದ್ದವಳು ಎದ್ದು ಬಂದಳು. ಎಷ್ಟು ಆಳವಿದೆ ಎಂದು ಕೇಳಿದೆ.

“ಐವತ್ತ ಫೂಟ್ ಅದ ಅಂತ ನಮ್ಮ ಮಾವ ಹೇಳ್ತಿದ್ದ ಮಿಸ್ತ್ರಿ. ಹಂಗಂತ ನೀವ ನಂಬಬ್ಯಾಡ್ರಿ. ಅವ ಹೋಗಿ ಭಾಳ ವರ್ಷ ಆತು. ಒಳಗ ಎಷ್ಟ ಮಣ್ಣ ಕುಸದದೋ ಯಾರಿಗ್ಗೊತ್ತು. ಹಗ್ಗ ಬಿಟ್ಟ ನೋಡ್ರಿ.”

ಹಗ್ಗ ಬಿಟ್ಟೆ. ಮೂವತ್ತೆಂಟಕ್ಕೇ ಸಡಿಲಾಯಿತು. ಅವಳು ಬಗ್ಗಿ ನೋಡಿ, “ಹೌದಿಲ್ರಿ, ಮಾವ ಸುಳ್ಳ ಹೇಳಿಲ್ಲ, ಬಾವಿ ಸುಮ್ಮ ಕುಂತಿಲ್ಲ,” ಎಂದು ಮತ್ತೆ ಕಳೆಗೆ ಹೋದಳು. ನನ್ನ ಕೈ ಹಗ್ಗದ ಮೇಲೇ ಇತ್ತು. ಅವಳ ಮಾವನಿಗೆ ಇದ್ದ ಸಮಾಧಾನ ನನಗಿರಲಿಲ್ಲ. ಅವನು ಒಮ್ಮೆಯಾದರೂ ಅಳೆದಿದ್ದ. ನನಗೆ ನಾಚಿಕೆಯಾಯಿತು.

ಹೊಲದಿಂದಲೇ ಫೋನು ಮಾಡಿದೆ. ಹತ್ತಲಿಲ್ಲ, ಅವರು ದಡ ಬಿಟ್ಟು ದೂರ ಹೋಗಿರಬೇಕು. ಹುಮನಾಬಾದಿನ ಬಸ್ ಸ್ಟ್ಯಾಂಡಿನಿಂದ ಮಾಡಿದೆ. ಫೋನು ಮಾಡು ಎಂದು ಬರೆದು ಕಳಿಸಿದ್ದಕ್ಕೂ ಒಂದೇ ಟಿಕ್ಕು ಬಿದ್ದಿತ್ತು, ಅವನಿಗೆ ತಲುಪಿರಲಿಲ್ಲ. ಸಂಜೆ ಬಸವಕಲ್ಯಾಣದಲ್ಲಿ ಇಳಿದವನು ಮನೆಗೆ ಹೋಗದೆ ತ್ರಿಪುರಾಂತ ಕೆರೆಯ ದಂಡೆಗೆ ಹೋಗಿ ಕುಳಿತೆ. ಕೆರೆಯ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ನೀರು ಅಲುಗುತ್ತಿರಲಿಲ್ಲ, ಆಕಾಶವೇ ಕೆಳಗೂ ಇತ್ತು. ಅದನ್ನು ನೋಡುತ್ತಾ ಕುಳಿತರೆ ನೀರಿಗೆ ತಳವೇ ಇಲ್ಲವೆನಿಸುತ್ತದೆ. ಮೇಲೂ ಮೋಡ, ಕೆಳಗೂ ಮೋಡ, ನಡುವೆ ನಾನು ಯಾವುದೋ ದೋಣಿಯಲ್ಲಿ ಕುಳಿತಂತೆ, ಎದುರಿಗೆ ಅವನು ತಲೆ ತಗ್ಗಿಸಿ ಬರೆಯುತ್ತಿರುವಂತೆ. ಈಗಲಾದರೂ ಗುಂಡು ಬಿಡೋಣವೆಂದರೆ ತೊಡೆಯ ಮೇಲೆ ಗುಂಡಿಲ್ಲ. ಹೀಗೆ ಎಷ್ಟು ಹೊತ್ತು ಕುಳಿತಿದ್ದೆನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬೆಳಿಗ್ಗೆ ಆಡಿದ ಒಂದು ಮಾತನ್ನು ಹಿಡಿದು ತರಲು ನನಗೆ ಸಿಗ್ನಲ್ ಬೇಕಾಗಿತ್ತು.

ಮರುದಿನ ಬೆಳಗಾಗುತ್ತಲೇ ಅಂಗಳದಲ್ಲಿ ನಿಂತು ಮತ್ತೆ ಮಾಡಿದೆ. ಈ ಸಲ ಗಂಟೆ ಹೊಡೆಯಿತು. ಅವನು ಹಲೋ ಅನ್ನುವ ಮೊದಲೇ ನಾನು ಶುರು ಮಾಡಿದೆ, ತಡಮಾಡಿದರೆ ಧೈರ್ಯ ಹೋದೀತೆಂದು.

“ಏ ಕಾರವಾರ, ಒಳಗ ಹೋಗಬ್ಯಾಡ. ನಡುವಿನ ಆ ಮೂರೂ ನಾಲ್ಕು ಸುಳ್ಳ ಅವ. ನಾ ಅವತ್ತ ಗುಂಡು ಬಿಡ್ಲಿಲ್ಲ. ಸುಮ್ಮ ಕುಂತ ಕೂಗ್ದೆ.”

ಅತ್ತ ಕಡೆ ನೀರು ದೋಣಿಗೆ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವನು ಬೈಯಲಿ ಎಂದು ಕಾದೆ.

“ಗೊತ್ತುಂಟು ಮಾರಾಯ,” ಎಂದ ಅವನು. “ನಾನು ತಲೆ ತಗ್ಗಿಸಿ ಬರೀತಿದ್ದೆ, ಕಿವಿ ಮುಚ್ಚಿರಲಿಲ್ಲ. ನೀನು ಮೂರು ಸಲ ಕೂಗಿದ್ದು ಕೇಳಿತು. ಗುಂಡು ನೀರಿಗೆ ಬಿದ್ದದ್ದು ಒಂದು ಸಲವೂ ಕೇಳಲಿಲ್ಲ. ಆದರೂ ಬರೆದೆ. ನನಗೂ ಸಾಕಾಗಿತ್ತು.”

“ಮತ್ತ ನಿನ್ನಿ ಯಾಕ ಕೇಳ್ದಿ?”

“ನನ್ನ ಕಿವಿಯೇ ತಪ್ಪಿತೇನೋ ಅಂತ. ನೀನು ಸರಿ ಇರ್ತದೆ ಅಂದೆ. ಇಷ್ಟು ವರ್ಷ ಸುಮ್ಮನೆ ನಿನ್ನ ಮೇಲೆ ಸಂಶಯ ಪಟ್ಟೆ ಅಂದುಕೊಂಡೆ. ಇವಳಿಗೂ ಹೇಳಿದೆ, ಪಾಪ, ಅವನದೇನೂ ತಪ್ಪಿರಲಿಲ್ಲ ಅಂತ. ಈಗ ಲಂಗರು ಎತ್ತಲಿಕ್ಕೆ ಎದ್ದು ನಿಂತವನು.”

ನಕಾಶೆಯನ್ನು ಅವನು ಎಂದೂ ನಂಬಿರಲಿಲ್ಲ. ನಂಬಿದ್ದು ನಿನ್ನೆಯ ನನ್ನ ಮಾತನ್ನು.

ಅವನಿಗೆ ಸಿಟ್ಟು ಬಂದಿರಲಿಲ್ಲ, ಅಥವಾ ಬಂದದ್ದನ್ನು ತೋರಿಸಲಿಲ್ಲ. ದೊಡ್ಡ ದೋಣಿಯನ್ನು ಹೊರಗೇ ಲಂಗರಿನಲ್ಲಿ ಬಿಟ್ಟು, ಚಿಕ್ಕ ರಬ್ಬರ್ ದೋಣಿಯಲ್ಲಿ ಇಬ್ಬರೂ ಒಳಗೆ ಹೋಗಿ ಅಳೆಯುವುದೆಂದು ನಿಶ್ಚಯವಾಯಿತು. ಅವನು ಹುಟ್ಟು ಹಾಕುವುದು, ಅವನ ಹೆಂಡತಿ ಹಗ್ಗ ಬಿಡುವುದು. “ಫೋನು ಇಡಬೇಡ. ಇವಳು ಕೂಗ್ತಾಳೆ, ನೀನು ಬರಕೋ,” ಎಂದ. ಕೈಗೆ ಸಿಕ್ಕ ಪಂಪ್‌ಸೆಟ್ಟಿನ ಖಾಲಿ ರಟ್ಟಿನ ಹಿಂಬದಿಯಲ್ಲಿ ನಾನು ಎರಡು ದಡಗಳನ್ನು ಗೀರಿ, ನಡುವೆ ಮೂರು ಚುಕ್ಕಿ ಇಟ್ಟು ಕಾದೆ. ನೀರು ಆಗ ಒಂದು ಮೀಟರಿನಷ್ಟು ಏರಿತ್ತಂತೆ. ಅಂದು ನಾನು ಕೂಗಿದ್ದು ನಿಜವಾಗಿದ್ದರೆ ಎಲ್ಲ ಕಡೆಯೂ ಐದು ಬರಬೇಕು.

ಗುಂಡು ನೀರಿಗೆ ಬಿದ್ದ ಸಪ್ಪಳ ಬಸವಕಲ್ಯಾಣದ ನನ್ನ ಅಂಗಳದಲ್ಲಿ ಸ್ಪಷ್ಟವಾಗಿ ಕೇಳಿತು. “ಐದು,” ಎಂದು ಹೆಂಗಸಿನ ದನಿ ಕೂಗಿತು. ಅದು ದಡದ ಕಡೆಯದು. ಮೊದಲ ಚುಕ್ಕಿಗೆ ಬಂದರು. ಮತ್ತೆ ಸಪ್ಪಳ. “ಐದು.” ನಾನು ಬರೆದೆ. ಉಳಿದ ಎರಡು ಚುಕ್ಕಿಗೂ ಐದೇ ಬಂದರೆ ಚೆನ್ನಾಗಿತ್ತೆಂದು ಆಸೆಪಟ್ಟೆ. ಇದನ್ನು ಮುಚ್ಚಿಡುವುದಿಲ್ಲ. ಹುಟ್ಟಿನ ಸದ್ದು ಒಂದು ಹತ್ತು ಸಲ ಬಂತು, ನಿಂತಿತು. ಸಪ್ಪಳ.

“ಒಂದೂವರೆ.”

“ಇನ್ನೊಮ್ಮಿ ಬಿಟ್ಟ ನೋಡ್ರಿ ತಂಗಿ,” ಎಂದೆ.

ಮತ್ತೆ ಸಪ್ಪಳವಾಯಿತು. “ಒಂದೂವರೆಯೇ ಅಣ್ಣ. ಬಂಡೆ. ಹಗ್ಗದಲ್ಲಿ ಕೈಗೆ ಗೊತ್ತಾಗ್ತದೆ,” ಎಂದಳು. ಇಬ್ಬರೂ ನಾನು ಬರೆಯುವುದಕ್ಕಾಗಿ ಕಾಯುತ್ತಿದ್ದರು. ನಾನು ಬರೆದೆ.