ಮಗ್ಗ ನಿಲ್ಲಿಸಬೇಡಿ ಎಂದ ಮೇಡಂ

“ಈ ಮಗ್ಗ ಯಾರದು?” ಎನ್ನುತ್ತಾ ಸಂಗೀತದ ಪ್ರೊಫೆಸರ್ ಮೇಡಂ ನಮ್ಮ ಬಾಗಿಲಿಗೇ ಬಂದುಬಿಟ್ಟರು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಅವರು ವಿಶ್ವವಿದ್ಯಾಲಯದ ಮಕ್ಕಳಿಗೆ ಸಮೂಹ ಗಾಯನದ ತಾಲೀಮು ಮಾಡಿಸುತ್ತಿದ್ದರು. ಸಂಜೆಗೇ ಕಾರ್ಯಕ್ರಮ. ನಿವೃತ್ತಿಗೆ ಮುಂಚೆ ಅವರು ಹಾಡಿಸುವ ಕೊನೆಯ ತಂಡ ಅದು. ಪಕ್ಕದಲ್ಲೇ ನನ್ನ ಪವರ್‌ಲೂಮ್ ಸದ್ದು! ಬೈಯಲು ಬಂದರು ಅಂದುಕೊಂಡು ಸ್ವಿಚ್ಚಿಗೆ ಕೈ ಹಾಕಿದೆ.

“ಅಯ್ಯೋ, ನಿಲ್ಲಿಸ್ಬೇಡಿ! ಬೆಳಗಿಂದ ಈ ಮಕ್ಕಳು ಲಯ ಬಿಟ್ಟು ಓಡ್ತಾನೇ ಇದಾರೆ. ನಿಮ್ಮ ಮಗ್ಗ ಒಂದು ಸಲಾನೂ ಲಯ ತಪ್ಪಿಲ್ಲ ನೋಡಿ!”

ಹಾಗೆಂದವರೇ ಮಕ್ಕಳನ್ನೆಲ್ಲ ಮಗ್ಗದ ಮನೆಗೆ ಕರೆದರು. ಗೋಡೆಗೆ ಒತ್ತಿಕೊಂಡು ನಿಂತ ಅವರ ಮುಂದೆ ಎರಡೂ ಕೈ ಎತ್ತಿದರು. ಖಟಪಟ ಸದ್ದಿನ ಮೇಲೆ ಹಾಡು ಸರಿಯಾಗಿ ಕೂತಿತು, ಒಬ್ಬರೂ ಹಿಂದೆಮುಂದೆ ಆಗಲಿಲ್ಲ. ಹಾಡು ಮುಗಿದಾಗ ಮೇಡಂ ಚಪ್ಪಾಳೆ ತಟ್ಟಿದ್ದು ನನ್ನ ಮಗ್ಗಕ್ಕೆ! ಸಂಜೆ ವೇದಿಕೆಯ ಮೇಲೂ ಹಾಡು ಒಂಚೂರೂ ಅಲುಗಲಿಲ್ಲ. ಜನ ಎದ್ದು ನಿಂತುಬಿಟ್ಟರು.

ಮಗ್ಗದ ಆ ಸದ್ದು ಕೇಳಿ ಕೇಳಿ ನನಗೇ ಬೇಸರ ಬಂದಿತ್ತು. ಈಗ ಮಗ್ಗ ಶುರುವಾದರೆ ಸಾಕು, ಅವರ ಹಾಡಿನ ಮೊದಲ ಸಾಲು ಬಾಯಿಗೆ ಬರುತ್ತದೆ. ಎರಡನೆಯದನ್ನು ಪಕ್ಕದ ಮಗ್ಗದಿಂದ ನನ್ನ ಹೆಂಡತಿ ಎತ್ತಿಕೊಳ್ಳುತ್ತಾಳೆ.