ಪಿಸುಮಾತು ಕಲಿತ ಕಂಡಕ್ಟರ್

ಕಂಡಕ್ಟರಿಗೆ ಗಂಟಲೇ ಬಂಡವಾಳ. ವರ್ಷಾನುಗಟ್ಟಲೆ ಬಸ್ಸಿನ ಬಾಗಿಲಲ್ಲಿ ನಿಂತು ‘ರೈಟ್, ರೈಟ್’ ಎಂದು ಕೂಗಿ ಕೂಗಿ ಅವನ ದನಿ ಮನೆಯಲ್ಲೂ ತಗ್ಗುತ್ತಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಎದ್ದು ಕೂರಬೇಕು! ಆ ದನಿಯನ್ನು ಮೆಚ್ಚಿದವರು ಒಬ್ಬರೇ, ಜೊತೆಯಲ್ಲೇ ಇದ್ದ ಅವನ ಅತ್ತೆ. ಅವರ ಕಿವಿ ಮಂದ. “ಈ ಮನೇಲಿ ಮನುಷ್ಯರ ಹಾಗೆ ಮಾತಾಡೋರು ಅಳಿಯಂದ್ರೊಬ್ರೇ” ಎನ್ನುತ್ತಿದ್ದರು.

ಅವನಿದ್ದ ಮಾರ್ಗದ ಬಸ್ಸು ನಿಂತುಹೋಯಿತು. ಅವನಿಗೆ ಕೆಲಸ ಸಿಕ್ಕಿದ್ದು ಊರಾಚೆಯ ಪಕ್ಷಿಧಾಮದಲ್ಲಿ. ನದಿ ಕಡಲು ಸೇರುವಲ್ಲಿ ನೀರಿಳಿದಾಗ ಕೆಸರು ಬಯಲು ತೆರೆದುಕೊಳ್ಳುತ್ತದೆ. ದೂರದೇಶದ ಹಕ್ಕಿಗಳು ಅಲ್ಲಿಳಿದು ಹುಳಹುಪ್ಪಟೆ ಹೆಕ್ಕುತ್ತವೆ. ಬಂದವರನ್ನು ಹಕ್ಕಿಗಳಿಗೆ ಕಾಣದಂತೆ ಹಲಗೆಯ ಗೂಡಿನೊಳಗೆ ಕೂರಿಸಿ, ಗೋಡೆಯ ಸೀಳುಕಿಂಡಿಯಿಂದ ಹಕ್ಕಿ ತೋರಿಸುವುದು ಅವನ ಕೆಲಸ.

ಮೊದಲ ದಿನವೇ, “ಒಳಗ್ಬನ್ನಿ, ಮುಂದೆ ಜಾಗ ಇದೆ!” ಎಂದ. ಬಯಲಿಗೆ ಬಯಲೇ ಎದ್ದು ಹಾರಿಹೋಯಿತು.

ಮೇಲಧಿಕಾರಿ ಹೆಂಗಸು ರೇಗಲಿಲ್ಲ. “ಕಡಲು ದಾಟಿ ಬಂದು ಸುಸ್ತಾಗಿವೆ. ಒಂದ್ಸಲ ಎಬ್ಬಿಸಿದ್ರೆ ತಿಂದಿದ್ದೆಲ್ಲ ರೆಕ್ಕೆಗೇ ಖರ್ಚು. ಮಗು ಮಲಗಿರೋ ಮನೆ ಅಂದ್ಕೊಳ್ಳಿ” ಎಂದರು.

ಮಾತು ಅವನ ಮನಸ್ಸಿಗೆ ನಾಟಿತು. ದನಿ ಇಳಿಸಲು ಹೆಣಗಿದ, ಪಿಸುಗುಟ್ಟಲು ಕಲಿತ. ಆದರೆ ಕಲಿತ ವಿದ್ಯೆ ಮನೆಗೂ ಬಂತು. ಹೆಂಡತಿ ಹಿಗ್ಗಿದಳು. ಅತ್ತೆ ಮಾತ್ರ ದಿನದಿನಕ್ಕೆ ಮಂಕಾದರು. ಒಂದು ಭಾನುವಾರ ನೋಡಿದರೆ ಅವರ ಬಟ್ಟೆಚೀಲ ಹೊಸಿಲ ಬಳಿ ಕೂತಿತ್ತು.

“ದೊಡ್ಡ ಮಗಳ ಮನೆಗೆ ಹೋಗ್ತೀನಿ. ಅಳಿಯಂದ್ರು ಮಾತು ಬಿಟ್ಟ ಮೇಲೆ ಇಲ್ಲಿ ನನಗೇನು ಕೆಲಸ?”

“ಅಯ್ಯೋ ಅತ್ತೆ, ಮಾತಾಡ್ತಾನೇ ಇದ್ದೀನಲ್ಲ!” ಎಂದ, ಅದನ್ನೂ ಪಿಸುದನಿಯಲ್ಲಿ.

“ನೋಡೇ, ಬರೀ ತುಟಿ ಅಲ್ಲಾಡಿಸ್ತಾರೆ!” ಎಂದು ಅವರು ಮಗಳ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅವನು ವಿವರಿಸಲು ಹೋಗದೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರ ಪಕ್ಷಿಧಾಮಕ್ಕೆ ಹೋದ. ಗೂಡಿನ ಕಿಂಡಿಯ ಮುಂದೆ ಸ್ಟೂಲು ಹಾಕಿಕೊಟ್ಟು, ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಹೊರಗೆ ಉದ್ದ ಕೊಕ್ಕಿನ ಹಕ್ಕಿಗಳು ಕೆಸರು ಕುಟ್ಟುತ್ತಿದ್ದವು. ಕೆಲವು ಒಂಟಿಕಾಲಲ್ಲಿ ತೂಕಡಿಸುತ್ತಿದ್ದವು. ಅತ್ತೆ ಬಾಗಿ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ತಡೆಯಲಾರದೆ, ಕಿವುಡರ ಗಟ್ಟಿದನಿಯಲ್ಲಿ, “ಅಬ್ಬಬ್ಬಾ, ಎಷ್ಟೊಂದು!” ಎಂದುಬಿಟ್ಟರು.

ಬಯಲು ಬರಿದಾಯಿತು. ಗೂಡಿನಲ್ಲಿ ಫೋಟೊಗೆ ಕಾದು ಕೂತಿದ್ದ ಕ್ಯಾಮೆರಾದವರು ದುರುಗುಟ್ಟಿದರು. ಅತ್ತೆ ಆಕಾಶ ನೋಡಿದರು, ಅಳಿಯನನ್ನು ನೋಡಿದರು, ಅರ್ಥವಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೈ ಕುಲುಕುವಂತೆ ನಕ್ಕರು. ಅವನಿಗೂ ನಗು ತಡೆಯಲಾಗಲಿಲ್ಲ.

ಗೇಟು ದಾಟಿ ಪೇಟೆರಸ್ತೆ ಸೇರಿದ ಮೇಲೆ, “ಎಲ್ಲಿಂದ ಬರ್ತಾವೆ ಅವು?” ಎಂದು ಕೇಳಿದರು. ಅವನು ಸ್ಕೂಟರ್ ನಿಲ್ಲಿಸಿ, ಗಂಟಲು ಬಿಚ್ಚಿ, ಹಿಮದ ನಾಡಿನಿಂದ ಹಿಡಿದು ಪೂರ್ತಿ ಕತೆ ಹೇಳಿದ. ಅಂಗಡಿಯವರೂ ಹೊರಬಂದು ಕೇಳಿಸಿಕೊಂಡರು.

ಮನೆಗೆ ಬಂದವರೇ ಅತ್ತೆ ಚೀಲ ಬಿಚ್ಚಿ ಸೀರೆಗಳನ್ನು ಕಪಾಟಿಗೆ ಸೇರಿಸಿದರು. “ಮುಂದಿನ ವಾರ ನನ್ನ ತಂಗೀನೂ ಕರ್ಕೊಂಡು ಹೋಗೋಣ. ಅವಳ ಕಿವಿ ನೆಟ್ಟಗಿದೆ” ಎಂದು, ಸ್ವಲ್ಪ ಯೋಚಿಸಿ, “ಬಾಯಿದೇ ಭರವಸೆ ಇಲ್ಲ” ಎಂದರು.