ಕದ್ರಿ ಗುಡ್ಡದಲ್ಲಿ ಆಲ್ಪ್ಸ್

ನಾನು ಹಿಮ ಕಂಡವನಲ್ಲ. ನಮ್ಮ ಮಂಗಳೂರಿನಲ್ಲಿ ಹಿಮಕ್ಕೆ ಅತ್ಯಂತ ಹತ್ತಿರದ ವಸ್ತುವೆಂದರೆ ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ ತುಂಬುವ ಐಸು. ಅದೂ ಮರದ ಹೊಟ್ಟಿನಲ್ಲಿ ಹೊರಳಾಡಿ, ಮೀನಿನ ವಾಸನೆ ಹೊತ್ತುಕೊಂಡು ಬರುತ್ತದೆ. ಆದರೂ ವರ್ಷಗಟ್ಟಲೆ ಹೈಸ್ಕೂಲಿನ ಮಕ್ಕಳಿಗೆ ಆಲ್ಪ್ಸ್ ಪರ್ವತಗಳನ್ನು ಕಲಿಸಿದ್ದೇನೆ. ಹಿಮನದಿ ಹೇಗೆ ಹರಿಯುತ್ತದೆ ಎಂಬುದನ್ನು ಬೆವರು ಒರೆಸಿಕೊಳ್ಳುತ್ತ ವಿವರಿಸಿದ್ದೇನೆ. ಭೂಗೋಳದ ಮಾಸ್ಟರನಿಗೆ ಮೊದಲು ಬೇಕಾದದ್ದು ನಾಚಿಕೆ ಬಿಡುವ ಶಕ್ತಿ. ಅದು ನನ್ನಲ್ಲಿ ಧಾರಾಳವಾಗಿ ಉಂಟೆಂದು ತಿಳಿದಿದ್ದೆ. ಬೇಕಾದ ಹೊತ್ತಿಗೆ ಅದು ನನ್ನಲ್ಲಿ ಇರಲಿಲ್ಲ ಎಂಬುದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ. ಕಪ್ಪುಹಲಗೆಯ ಮೇಲೆ ಆಲ್ಪ್ಸ್ ಬರೆದು, ಮಕ್ಕಳನ್ನು ಒಂದು ಕಣಿವೆಯಿಂದ ಇನ್ನೊಂದಕ್ಕೆ ಸೀಮೆಸುಣ್ಣದಲ್ಲಿ ಆರಾಮವಾಗಿ ದಾಟಿಸುತ್ತಿದ್ದೆ. ಕಿಟಕಿಯ ಹೊರಗೆ ಫಾದರ್ ಬೆನ್ನೊ ನಿಂತು ನೋಡುತ್ತಿದ್ದರು. ಅವರು ಗಣಿತ ಕಲಿಸುವವರು, ಆಲ್ಪ್ಸ್ ಬುಡದ ಹಳ್ಳಿಯಲ್ಲಿ ಹುಟ್ಟಿ ನಮ್ಮೂರಿಗೆ ಬಂದು ಮೂವತ್ತು ವರ್ಷ ಕಳೆದವರು. ಪಾಠ ಮುಗಿದ ಮೇಲೆ ಹತ್ತಿರ ಬಂದು, "ಮಾಸ್ಟ್ರೇ, ನೀವು ಬರೆದ ದಾರಿಯಲ್ಲಿ ಹೋದರೆ ಮಧ್ಯಾಹ್ನಕ್ಕೆ ಮೊದಲೇ ಸಾಯ್ತೀರಿ. ಮಕ್ಕಳನ್ನೂ ಕರ್ಕೊಂಡು ಹೋಗಿ ಸಾಯಿಸ್ತೀರಿ. ಶನಿವಾರ ಬನ್ನಿ, ಸರಿಯಾದ ದಾರಿ ತೋರಿಸ್ತೇನೆ" ಎಂದರು.

ತೋರಿಸಿದ್ದು ಕದ್ರಿ ಗುಡ್ಡದಲ್ಲಿ. ದೇವಸ್ಥಾನದ ಕೆರೆಗಳ ಹತ್ತಿರ ಅವರ ಹಳ್ಳಿ. ಗೇರುಮರಗಳ ತೋಪು ಪೈನ್ ಕಾಡು. ಅದರಾಚೆ ಬಿಟ್ಟುಹೋದ ಕೆಂಪುಕಲ್ಲಿನ ಕೋರೆಯೇ ಹಿಮನದಿ. ಗುಡ್ಡದ ನೆತ್ತಿಯ ಚಪ್ಪಟೆ ಬಂಡೆ, ಮರದ ಶಿಲುಬೆ ನೆಟ್ಟ ಘಟ್ಟದ ತುದಿ. ಅವರ ಊರಿನಲ್ಲಿ ಎರಡು ದಿನದ ದಾರಿಯನ್ನು ನಾವು ಪ್ರತಿ ಶನಿವಾರ ಎರಡು ಗಂಟೆಯಲ್ಲಿ ಮುಗಿಸುತ್ತಿದ್ದೆವು. ಅದರಲ್ಲಿ ಮುಕ್ಕಾಲು ಗಂಟೆ ಚಾ ಕುಡಿಯಲಿಕ್ಕೆ ಹೋಗುತ್ತಿತ್ತು.

ನಮ್ಮವರು ಬೆಟ್ಟ ಹತ್ತದವರೇನಲ್ಲ. ಆದರೆ ತುದಿಯಲ್ಲಿ ಒಬ್ಬ ದೇವರು ಇರಬೇಕು, ಹತ್ತುವವನಿಗೆ ಒಂದು ಹರಕೆ ಇರಬೇಕು. ಮೇಲೆ ಏನೂ ಇಲ್ಲದ ಬೆಟ್ಟವನ್ನು ಸುಮ್ಮನೆ ಹತ್ತಿ, ಸುಮ್ಮನೆ ಇಳಿಯುವವನನ್ನು ನಮ್ಮ ಕಡೆ ಯಾವುದಾದರೊಂದು ಮದ್ದಿನ ಹೆಸರು ಹೇಳಿ ಮಾತಾಡಿಸುತ್ತಾರೆ. ಇದನ್ನು ಫಾದರಿಗೆ ಹೇಳಿದರೆ, "ದೇವರ ಕೆಲಸದವನು ನಾನು. ವಾರದಲ್ಲಿ ಒಂದು ದಿನ ಸುಮ್ಮನೆ ಹತ್ತಲಿಕ್ಕೆ ರಜೆ ಬೇಡವಾ?" ಎನ್ನುತ್ತಿದ್ದರು.

ಬೆಟ್ಟದವರ ಎರಡು ಕಟ್ಟುಪಾಡುಗಳನ್ನು ಅವರು ಬಿಡುತ್ತಿರಲಿಲ್ಲ. ಒಂದು, ಪುಸ್ತಕ. ಅವರ ಕಡೆ ಹತ್ತುವವರು ತಂಗುವ ಗುಡಿಸಲುಗಳಲ್ಲಿ ಒಂದು ಪುಸ್ತಕ ಇರುತ್ತದಂತೆ. ಹೆಸರು, ಎಷ್ಟು ಜನ, ಎಲ್ಲಿಗೆ, ಹವೆ ಹೇಗೆ ಎಂದು ಬರೆದು ಮುಂದೆ ಹೋಗಬೇಕು. ಬರೆದವರು ಮರಳದಿದ್ದರೆ ಹುಡುಕಲು ಜನ ಹೊರಡುತ್ತಾರೆ. ನಮ್ಮ ಗುಡಿಸಲು ಗುಡ್ಡದ ಬುಡದ ಐತಪ್ಪನ ಚಾದಂಗಡಿ. ಅಂಗಡಿಯ ಜಗಲಿಯಲ್ಲಿಟ್ಟ ಬಿಸ್ಕೀಟಿನ ಡಬ್ಬಿಯೊಳಗೆ ನಮ್ಮ ಪುಸ್ತಕ. ಐತಪ್ಪನಿಗೆ ಓದು ಬಾರದು. "ನೀವು ಎಂತ ಬೇಕಾದ್ರೂ ಬರೀರಿ ಫಾದರ್. ನಾನು ಹೋದ ತಲೆ, ಬಂದ ತಲೆ ನೋಡ್ತೇನೆ" ಎನ್ನುತ್ತಿದ್ದ. ಬರೆಯುವವರು ಫಾದರ್ ಒಬ್ಬರೇ. ಹವೆಯ ಕೆಳಗೆ ಮಾತ್ರ ನನ್ನ ಅಕ್ಷರ: ಸೆಕೆ. ಅದರ ಕೆಳಗೆ ಮುಂದಿನ ವಾರ: ಸೆಕೆ. ಮಳೆಗಾಲದಲ್ಲಿ: ಮಳೆ, ಸೆಕೆ.

ಇನ್ನೊಂದು, ಹಗ್ಗ. ಹಿಮದ ಮೇಲೆ ನಡೆಯುವವರು ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಳ್ಳಬೇಕು, ಒಬ್ಬ ಜಾರಿದರೆ ಇನ್ನೊಬ್ಬ ಹಿಡಿಯಬೇಕು. ಪಾಚಿ ಕಟ್ಟಿದ ಕೆಂಪುಕಲ್ಲಿಗಿಂತ ಹೆಚ್ಚು ಜಾರುವ ವಸ್ತು ಆಲ್ಪ್ಸಿನಲ್ಲೂ ಇಲ್ಲವೆಂದು ಫಾದರೇ ಒಪ್ಪಿದ್ದರು. ಆದ್ದರಿಂದ ಕೋರೆ ಬಂದೊಡನೆ ನಾನು ಮನೆಯಿಂದ ತಂದ ಬಾವಿ ಹಗ್ಗ ಬಿಚ್ಚುತ್ತಿದ್ದೆ. ನನ್ನ ಹೆಂಡತಿ ಶನಿವಾರ ಬಾಗಿಲಲ್ಲೇ ನಿಂತು, "ನಿಮ್ಮ ಹಿಮಾಲಯ ಬೇಗ ಮುಗಿಸಿ. ನನಗೆ ನೀರು ಸೇದಲಿಕ್ಕೆ ಉಂಟು" ಎನ್ನುತ್ತಿದ್ದಳು. ಆಲ್ಪ್ಸ್ ಎಂದು ಎಷ್ಟು ತಿದ್ದಿದರೂ ಅವಳು ಒಪ್ಪಲಿಲ್ಲ. ನಮ್ಮಲ್ಲಿ ಹಗ್ಗ ಇರುವುದು ಕೊಡಪಾನಕ್ಕೆ, ದನಕ್ಕೆ, ತೊಟ್ಟಿಲಿಗೆ. ಗೆಳೆಯನಿಗೆ ಹಗ್ಗ ಕಟ್ಟುವುದನ್ನು ನಾನು ಫಾದರಿಂದಲೇ ಕಲಿತದ್ದು.

ಎರಡು ಮಳೆಗಾಲ ಹೀಗೆ ಸುಖವಾಗಿ ಕಳೆಯಿತು. ಆಮೇಲೊಂದು ದಿನ ನಮ್ಮ ಡ್ರಿಲ್ ಮಾಸ್ಟರ್ ಲೋಬೊ ಗುಡ್ಡದ ಕಡೆ ಬಂದವನು ನಮ್ಮನ್ನು ಕಂಡ. ಮುಂದೆ ಬಿಳಿ ನಿಲುವಂಗಿ ಎತ್ತಿ ಕಟ್ಟಿದ ಫಾದರ್, ಹಿಂದೆ ಸೊಂಟದಲ್ಲಿ ಹಗ್ಗ ಬಿಗಿದುಕೊಂಡ ಧೋತ್ರದ ನಾನು. ಸೋಮವಾರ ಶಿಕ್ಷಕರ ಕೋಣೆಯಲ್ಲಿ ಅವನು, "ಎಂತ ಮಾರಾಯ, ಫಾದರ್ ನಿನ್ನನ್ನು ಹಟ್ಟಿಯಿಂದ ಬಿಚ್ಚಿ ತಂದದ್ದಾ? ಹುಲ್ಲು ಒಳ್ಳೇದುಂಟಾ ಮೇಲೆ?" ಎಂದು ಕೇಳಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಸಾಲದ್ದಕ್ಕೆ, "ಮುದುಕರಿಗೆ ಹುಚ್ಚು. ನಾನು ಪಾಪ ಅಂತ ಹೋಗ್ತೇನೆ" ಎಂದೂ ಸೇರಿಸಿದೆ. ಆ ಮಾತು ಇಂದಿಗೂ ನನ್ನ ಬಾಯಲ್ಲಿ ಕಹಿಯಾಗಿ ಉಳಿದಿದೆ.

ಆ ಶನಿವಾರ ಶಾಲೆ ಬಿಡುವಾಗ ಹಣೆಗೆ ಕೈಯಿಟ್ಟು, "ಫಾದರ್, ಜ್ವರ ಬಂದ ಹಾಗೆ ಉಂಟು" ಎಂದೆ. ಅವರು ನನ್ನ ಕೈ ಸರಿಸಿ ತಮ್ಮ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದರು. ಮಂಗಳೂರಿನ ಮಧ್ಯಾಹ್ನಕ್ಕೆ ಇರಬೇಕಾದಷ್ಟೇ ಬಿಸಿ ಇತ್ತು ನನ್ನ ಹಣೆ. "ಹೌದು, ಉಂಟು. ಹೋಗಿ ಮಲಗಿ" ಎಂದರು. ನಾನು ಜೆಪ್ಪುವಿನಲ್ಲಿ ಲೋಬೊನ ಮನೆಗೆ ಹೋಗಿ ಸಂಜೆಯವರೆಗೆ ಇಸ್ಪೀಟು ಆಡಿದೆ. ಎಲೆಗಳೂ ಚೆನ್ನಾಗಿ ಬಿದ್ದವು.

ಫಾದರ್ ಒಬ್ಬರೇ ಹತ್ತಿ ಕೋರೆಯಲ್ಲಿ ಜಾರಿದರು. ತಲೆ ಎಣಿಸುವ ಐತಪ್ಪ ಅಂದು ಮಗಳ ಮನೆಗೆ ಹೋಗಿದ್ದ. ಸೊಂಟದ ಮೂಳೆ ಮುರಿದುಕೊಂಡು ಮಳೆಯಲ್ಲಿ ಮೂರು ಗಂಟೆ ಕುಳಿತಿದ್ದವರನ್ನು ಹುಲ್ಲು ಕೊಯ್ಯುವ ಹೆಂಗಸರು ನೋಡಿ ಕೂಗು ಹಾಕಿದರಂತೆ. ಜನ ಸೇರಿ ಏಣಿಯ ಮೇಲೆ ಮಲಗಿಸಿ ಇಳಿಸಿದರು. ಸುದ್ದಿ ತಿಳಿದು ಫಳ್ನೀರಿನ ಆಸ್ಪತ್ರೆಗೆ ಓಡಿದೆ. ನನ್ನನ್ನು ನೋಡಿದೊಡನೆ ಅವರು ಕೇಳಿದ ಮೊದಲ ಮಾತು, "ಮಾಸ್ಟ್ರೇ, ಜ್ವರ ಹೇಗುಂಟು?"

"ಕಡಿಮೆ ಆಯ್ತು ಫಾದರ್" ಎಂದೆ.

ಮನೆಗೆ ಬಂದಾಗ ಬಾವಿಯ ರಾಟೆಯಲ್ಲಿ ಹಗ್ಗ ತೂಗುತ್ತಿತ್ತು. ಅಂದು ಹೆಂಡತಿಗೆ ನೀರಿಗೆ ಏನೂ ತೊಂದರೆಯಾಗಿರಲಿಲ್ಲ. ನಾನು ಮಾತ್ರ ಬಾವಿಕಟ್ಟೆಯ ಮೇಲೆ ಕುಳಿತು ಮಕ್ಕಳ ಹಾಗೆ ಅತ್ತೆ.

ಮೂಳೆ ಕೂಡಿದರೂ ನಡಿಗೆ ಕೂಡಲಿಲ್ಲ. ಕೆಲವು ತಿಂಗಳ ಮೇಲೆ ಅವರನ್ನು ಅವರ ದೇಶಕ್ಕೆ ಕಳಿಸುವುದೆಂದು ನಿರ್ಧಾರವಾಯಿತು. ಬೀಳ್ಕೊಡಲು ರೈಲ್ವೆ ಸ್ಟೇಷನ್ನಿಗೆ ಹೋದೆ. ಜನ್ಮವಿಡೀ ಪಾಪನಿವೇದನೆಯಲ್ಲಿ ಊರವರ ತಪ್ಪುಗಳನ್ನು ಕಿವಿಗೆ ಹಾಕಿಕೊಂಡವರಿಗೆ ನನ್ನದೊಂದು ಭಾರವಾಗುತ್ತಿರಲಿಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬಾಯಿಂದ ಬಂದದ್ದು, "ಇವತ್ತು ಭಾರೀ ಸೆಕೆ ಅಲ್ವಾ ಫಾದರ್?" ಅವರು ನಕ್ಕು, "ಅಲ್ಲಿ ಹೋದ ಮೇಲೆ ಈ ಸೆಕೆ ಸಿಗುವುದಿಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಊರು ಸೇರಿದ ಮೇಲೆ ಅವರಿಂದ ಬೆಟ್ಟದ ಚಿತ್ರದ ಒಂದು ಕಾರ್ಡು ಬಂತು. ಉತ್ತರ ಬರೆಯಲು ಕುಳಿತಾಗಲೆಲ್ಲ ಸ್ಟೇಷನ್ನಿನಲ್ಲಿ ಹೇಳದೆ ಉಳಿದ ಆ ಒಂದು ವಾಕ್ಯ ಅಡ್ಡ ಬರುತ್ತಿತ್ತು. ಅದನ್ನು ಬರೆಯಲೂ ಆಗದೆ, ಬಿಟ್ಟು ಬೇರೆ ಬರೆಯಲೂ ಆಗದೆ ಎರಡು ವರ್ಷ ಕಳೆದೆ. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಶಾಲೆಗೆ ಬಂತು.

ಫಾದರ್ ಬಿದ್ದ ದಿನದಿಂದ ಇಷ್ಟು ವರ್ಷ ನಾನು ಕದ್ರಿ ಗುಡ್ಡದ ಕಡೆ ತಲೆ ಹಾಕಿರಲಿಲ್ಲ. ಹೋದ ತಿಂಗಳು ಐತಪ್ಪ ದಾರಿಯಲ್ಲಿ ಸಿಕ್ಕಿ, "ಅಂಗಡಿಗೆ ಹೊಸ ಹಂಚು ಹಾಕಿಸ್ತಾ ಇದ್ದೇನೆ. ನಿಮ್ಮ ಡಬ್ಬಿ ಅಟ್ಟದಲ್ಲಿ ಉಂಟು ಮಾಸ್ಟ್ರೇ, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ" ಎಂದ. ಹೋಗಿ ಬೆಂಚಿನ ಮೇಲೆ ಕುಳಿತು ಪುಸ್ತಕ ತೆರೆದೆ. ಗೆದ್ದಲು ಅಂಚನ್ನಷ್ಟೇ ತಿಂದಿತ್ತು. ಕೊನೆಯ ಬರಹ ಆ ಶನಿವಾರದ್ದು, ಕಂಪಾಸಿನಲ್ಲಿ ತಿರುಗಿಸಿದಂಥ ಅವರ ದುಂಡು ಕನ್ನಡದಲ್ಲಿ. ಎಲ್ಲಿಗೆ: ಘಟ್ಟದ ತುದಿಗೆ. ಎಷ್ಟು ಜನ: ಇಬ್ಬರು. ಎರಡನೆಯವರು ಹಿಂದಿನಿಂದ ಬರುತ್ತಾರೆ.

ಹವೆಯ ಜಾಗ ಖಾಲಿ ಬಿಟ್ಟಿದ್ದರು. ಅದು ನಾನು ಬರೆಯುವ ಜಾಗವಲ್ಲವೇ.

ನನ್ನ ಹಣೆ ಮುಟ್ಟಿದ ಅಂಗೈಗೆ ಎಲ್ಲ ಗೊತ್ತಿತ್ತು ಎಂಬುದು ಆಗ ನನಗೆ ಹೊಳೆಯಿತು. ಗೊತ್ತಿದ್ದೂ ಅವರು ಕಾದಿದ್ದರು. ಐತಪ್ಪನಿಂದ ಪೆನ್ಸಿಲು ಕೇಳಿ ಪಡೆದು, ಅವರ ಸಾಲಿನ ಕೆಳಗೆ ಬರೆದೆ: "ಎರಡನೆಯವನು ಬಂದ. ಅವನಿಗೆ ಜ್ವರ ಇರಲಿಲ್ಲ."

"ಎಂತ ಬರೆದ್ರಿ ಮಾಸ್ಟ್ರೇ?" ಎಂದ ಐತಪ್ಪ.

"ಹವೆ" ಎಂದೆ. ಹೇಳಿದ್ದು ಸುಳ್ಳಾಗಬಾರದೆಂದು ಖಾಲಿ ಜಾಗದಲ್ಲಿ "ಸೆಕೆ" ಎಂದೂ ತುಂಬಿಸಿ, ಗುಡ್ಡ ಹತ್ತಲು ಎದ್ದೆ.